ಕಿರ್ದಿ ಹೊಂದಿದರೆ ಸಾಲದು, ಸರಕೂ ಇರಬೇಕು
ಡಿಸ್ಕ್ ಸಿದ್ಧಪಡಿಸುವ, ಡಿಸ್ಕ್ ರಿಪೇರಿ ಮಾಡುವ ಆಜ್ಞೆಗಳ ಬಗ್ಗೆ ಪ್ರತಿಯೊಂದು ಸಂಘವೂ ತಿಳಿದಿರಬೇಕಾದದ್ದು

2020ರ ಅಕ್ಟೋಬರ್ 12, ಸೋಮವಾರ. ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ ಕಳವಾ-ಪಡಘಾ ವಿದ್ಯುತ್ ಮಾರ್ಗಗಳು ಕೈಕೊಟ್ಟು ಮುಂಬಯಿ, ಥಾಣೆ, ನವಿಮುಂಬಯಿ ಪರಿಸರವೆಲ್ಲ ಒಮ್ಮೆಲೇ ಸ್ತಬ್ಧವಾಯಿತು. ಲೋಕಲ್ ಗಾಡಿಗಳು ಇದ್ದಲ್ಲೇ ನಿಂತವು. ಕೋವಿಡ್‌ನ ಕಾಲವಾದ್ದರಿಂದ ಎಷ್ಟೋ ಮನೆಗಳೇ ಆಗ ಆಫೀಸುಗಳಾಗಿದ್ದವು. ಯುಪಿಎಸ್ ಇಲ್ಲದ ಕಂಪ್ಯೂಟರುಗಳೆಲ್ಲ ಆ ಕ್ಷಣದಲ್ಲಿ ಏನು ಬರೆಯುತ್ತಿದ್ದವೋ ಅದನ್ನು ಅರ್ಧಕ್ಕೇ ಬಿಟ್ಟು ಆರಿಹೋದವು.

ಡೊಂಬಿವಲಿ, ಕಲ್ಯಾಣದ ನಮಗೆ ದೀಪ ಹೋಗುವುದು ಹೊಸತೇನಲ್ಲ. 2005ರ ನಂತರದ ಕೆಲವು ವರ್ಷ ಮುಂಬಯಿ ನಗರಕ್ಕೆ ತಟ್ಟದ ಭಾರನಿಯಮನದ ಬಿಸಿ ನಮ್ಮ ಉಪನಗರಗಳಿಗೆ ದಿನನಿತ್ಯ ತಟ್ಟುತ್ತಿತ್ತು. ದೀಪ ಹೋದರೆ ಮೇಣದ ಬತ್ತಿ ಹಚ್ಚಿ ಸುಮ್ಮನಿರಬಹುದು. ಆದರೆ ಅರ್ಧ ಬರೆದು ನಿಂತ ಡಿಸ್ಕಿನ ಗತಿ ಏನು? ದೀಪ ಮರಳಿ ಬಂದಾಗ ಕಂಪ್ಯೂಟರು ತನ್ನಷ್ಟಕ್ಕೆ ಎದ್ದು ನಿಂತರೆ ಅದರ ಹಿಂದೆ ಯಾರ ಕೆಲಸ ಇರುತ್ತದೆ? ಎದ್ದು ನಿಲ್ಲದೇ ಹೋದರೆ ನೀವು ಏನು ಮಾಡಬೇಕು? ಅದಕ್ಕಿಂತ ಮುಖ್ಯವಾಗಿ, ಏನನ್ನು ಮಾಡಲೇಬಾರದು?

ಓದುಗ ಮಿತ್ರರೇ, ಇದು ಇಂಜಿನಿಯರುಗಳ ಮಾತು ಎಂದು ಪುಟ ತಿರುಗಿಸಬೇಡಿ. ನಿಮ್ಮ ಸಂಘದ ಕಪಾಟನ್ನೊಮ್ಮೆ ನೆನಪಿಸಿಕೊಳ್ಳಿ. ಸದಸ್ಯರ ಯಾದಿ, ಆಜೀವ ಸದಸ್ಯತ್ವದ ಲೆಕ್ಕ, ವಿದ್ಯಾರ್ಥಿವೇತನ ಪಡೆದ ಮಕ್ಕಳ ವಿವರ, ಹಳೆಯ ಸಂಚಿಕೆಗಳ ಪುಟಗಳು, ಬೆಳ್ಳಿಹಬ್ಬದ ಯಕ್ಷಗಾನದ ವಿಡಿಯೋ, ಈಗ ನಮ್ಮೊಂದಿಗಿಲ್ಲದ ಹಿರಿಯರ ಭಾಷಣದ ಧ್ವನಿಮುದ್ರಿಕೆ. ಒಂದು ಕಾಲಕ್ಕೆ ಇವೆಲ್ಲ ಟ್ರಂಕಿನಲ್ಲಿರುತ್ತಿದ್ದವು. ಈಗ ಅಂಗೈಯಗಲದ ಒಂದು ಡಿಸ್ಕಿನಲ್ಲಿವೆ. ಟ್ರಂಕಿಗೆ ಗೆದ್ದಲು ಹತ್ತಿದರೆ ಕಣ್ಣಿಗೆ ಕಾಣುತ್ತಿತ್ತು. ಡಿಸ್ಕಿನ ಗೆದ್ದಲು ಕಾಣುವುದಿಲ್ಲ.

ಉಗ್ರಾಣವೂ ಖಾತೆ ಪುಸ್ತಕವೂ

ಡಿಸ್ಕ್ ಎಂದರೆ ಮೂಲತಃ ಸಂಖ್ಯೆ ಹಚ್ಚಿದ ಗೂಡುಗಳ ಒಂದು ಉಗ್ರಾಣ. ಒಂದು ಟೆರಾಬೈಟಿನ ಡಿಸ್ಕಿನಲ್ಲಿ 4096 ಬೈಟುಗಳ ಸುಮಾರು 24 ಕೋಟಿ ಗೂಡುಗಳಿರುತ್ತವೆ. ಯಾವ ಗೂಡಿನಲ್ಲಿ ಯಾವ ಕಡತದ ಯಾವ ತುಂಡು ಇದೆ ಎಂಬುದು ಗೂಡಿಗೆ ಗೊತ್ತಿಲ್ಲ. ಅದನ್ನು ಹೇಳುವುದು ಖಾತೆ ಪುಸ್ತಕ. ಈ ಖಾತೆ ಪುಸ್ತಕದ ವ್ಯವಸ್ಥೆಗೇ ಫೈಲ್ ಸಿಸ್ಟಮ್ ಎಂದು ಹೆಸರು.

ನಮ್ಮವರ ಹೋಟೆಲಿನ ಲೆಕ್ಕವನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಪುಸ್ತಕದ ಮೊದಲ ಹಾಳೆಯಲ್ಲಿ ಉಗ್ರಾಣದ ಒಟ್ಟು ವಿವರ: ಗೂಡುಗಳೆಷ್ಟು, ಒಂದೊಂದರ ಅಳತೆ ಎಷ್ಟು, ಖಾಲಿ ಎಷ್ಟು. ಇದಕ್ಕೆ ಸೂಪರ್‌ಬ್ಲಾಕ್ ಎನ್ನುತ್ತಾರೆ. ಆಮೇಲೆ ಪ್ರತಿ ಕಡತಕ್ಕೂ ಒಂದು ಚೀಟಿ: ಅಳತೆ, ತಾರೀಖು, ಒಡೆಯ, ಸರಕು ಇರುವ ಗೂಡುಗಳು. ಇದು ಐನೋಡ್. ಸ್ವಾರಸ್ಯವೆಂದರೆ ಯುನಿಕ್ಸ್, ಲಿನಕ್ಸ್ ಪದ್ಧತಿಯಲ್ಲಿ ಈ ಚೀಟಿಯ ಮೇಲೆ ಕಡತದ ಹೆಸರೇ ಇರುವುದಿಲ್ಲ, ಬರೀ ಸಂಖ್ಯೆ ಇರುತ್ತದೆ. ಹೆಸರು ಇರುವುದು ಡೈರೆಕ್ಟರಿ ಎಂಬ ಬೇರೆ ಪಟ್ಟಿಯಲ್ಲಿ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಪುಸ್ತಕ ತೆರೆಯುವ ಆಜ್ಞೆ

ಹೊಸ ಉಗ್ರಾಣಕ್ಕೆ ಹೊಸ ಪುಸ್ತಕ ತೆರೆಯುವ ಆಜ್ಞೆಯೇ ಎಂಕೆಎಫ್ಎಸ್, ಅಂದರೆ 'ಮೇಕ್ ಫೈಲ್ ಸಿಸ್ಟಮ್'. ಡಾಸ್, ವಿಂಡೋಸ್ ಬಳಸಿದವರಿಗೆ ಇದೇ ಕೆಲಸ ಫಾರ್ಮ್ಯಾಟ್ ಎಂಬ ಹೆಸರಿನಲ್ಲಿ ಪರಿಚಿತ. ಆಜ್ಞೆಗಳನ್ನು ಇಲ್ಲಿ ಉಚ್ಚಾರದಂತೆ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರಗಳನ್ನೇ ಬಳಸಬೇಕು.

ಲಿನಕ್ಸಿನಲ್ಲಿ ಇಂದು ಬಹಳವಾಗಿ ಬಳಕೆಯಲ್ಲಿರುವ ಇಎಕ್ಸ್‌ಟಿ4 ಪದ್ಧತಿಯನ್ನೇ ತೆಗೆದುಕೊಳ್ಳಿ. ಸಾಮಾನ್ಯವಾಗಿ ಪ್ರತಿ 16,384 ಬೈಟಿಗೆ ಒಂದರಂತೆ ಚೀಟಿಗಳನ್ನು ಅದು ಮೊದಲೇ ಎಣಿಸಿಡುತ್ತದೆ. ಒಂದು ಟೆರಾಬೈಟಿಗೆ ಸುಮಾರು ಆರು ಕೋಟಿ ಚೀಟಿ. ಒಂದೊಂದು 256 ಬೈಟ್ ಎಂದರೆ ಪುಸ್ತಕಕ್ಕೇ ಸುಮಾರು 15 ಗಿಗಾಬೈಟ್ ಜಾಗ. ಇದಲ್ಲದೆ ನೂರಕ್ಕೆ 5ರಷ್ಟು ಜಾಗವನ್ನು ವ್ಯವಸ್ಥಾಪಕನಿಗೆಂದು ಕಾದಿರಿಸುತ್ತದೆ. ಹೊಸ ಡಿಸ್ಕಿನಲ್ಲಿ ಜಾಗ ಕಡಿಮೆ ಕಾಣುತ್ತದೆ, ಅಂಗಡಿಯವನು ಮೋಸ ಮಾಡಿದ ಎಂದು ದೂರುವ ಮುನ್ನ ಈ ಲೆಕ್ಕ ನೋಡಿಕೊಳ್ಳಿ. ಬರೀ ದಾಖಲೆ ಕಾಪಿಡುವ ಡಿಸ್ಕಾದರೆ 'ಹೈಫನ್ ಎಂ ಸೊನ್ನೆ' ಎಂದು ಸೇರಿಸಿ ಆ 5ರಷ್ಟನ್ನು ಉಳಿಸಿಕೊಳ್ಳಬಹುದು.

ಎಂಕೆಎಫ್ಎಸ್ ಮೊದಲ ದಿನವೇ ಮಾಡಿಡುವ ಇನ್ನೊಂದು ವ್ಯವಸ್ಥೆ ಇದೆ. 'ಲಾಸ್ಟ್ ಪ್ಲಸ್ ಫೌಂಡ್' ಎಂಬ ಒಂದು ಖಾಲಿ ಕೋಣೆಯನ್ನು ಅದು ಕಟ್ಟಿಡುತ್ತದೆ. ದೊಡ್ಡ ರೈಲ್ವೆ ನಿಲ್ದಾಣಗಳಲ್ಲಿ ಕಳೆದುಹೋದ ಸಾಮಾನಿಗೆ ಕೋಣೆ ಇರುವಂತೆ. ಪುಸ್ತಕ ಕೆಟ್ಟ ಮೇಲೆ ಕೋಣೆ ಕಟ್ಟಲು ಜಾಗ ಹುಡುಕಿದರೆ ಇದ್ದ ಸರಕಿನ ಮೇಲೆ ಕಾಲಿಟ್ಟಂತಾಗಬಹುದು. ಆದ್ದರಿಂದಲೇ ಈ ಮುಂದಾಲೋಚನೆ.

ಇನ್ನು ಅಪಾಯದ ಮಾತು. ಎಂಕೆಎಫ್ಎಸ್ ಕೆಲವೇ ಕ್ಷಣಗಳಲ್ಲಿ ಮುಗಿಯುತ್ತದೆ. ಏಕೆಂದರೆ ಅದು ಗೂಡುಗಳನ್ನು ಗುಡಿಸುವುದಿಲ್ಲ, ಹಳೆಯ ಪುಸ್ತಕದ ಮೇಲೆ ಹೊಸ ಪುಸ್ತಕ ಇಡುತ್ತದೆ ಅಷ್ಟೆ. ತಿರುಗುವ ಹಳೆಯ ಮಾದರಿಯ ಡಿಸ್ಕಿನಲ್ಲಿ ಸರಕು ಬಹುಪಾಲು ಅಲ್ಲೇ ಇದ್ದರೂ ಎಲ್ಲಿದೆಯೆಂದು ಹೇಳುವವರಿಲ್ಲ. ಎಸ್ಎಸ್‌ಡಿಯಲ್ಲಂತೂ ಇಎಕ್ಸ್‌ಟಿ4ನ ಎಂಕೆಎಫ್ಎಸ್ 'ಈ ಗೂಡುಗಳೆಲ್ಲ ಇನ್ನು ಬೇಡ' ಎಂದೂ ಡಿಸ್ಕಿಗೆ ತಿಳಿಸಿಬಿಡುವುದರಿಂದ ಸರಕೇ ಹೋಗಬಹುದು. ಆದ್ದರಿಂದ ಮೊದಲು ಎಲ್ಎಸ್‌ಬಿಎಲ್‌ಕೆ ಎಂಬ ಆಜ್ಞೆ ಕೊಟ್ಟು ಯಾವ ಡಿಸ್ಕಿಗೆ ಯಾವ ಹೆಸರಿದೆ, ಅಳತೆ ಎಷ್ಟು ಎಂದು ಓದಿಕೊಳ್ಳಿ. ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳು ಪ್ರತಿಸಲ ಒಂದೇ ಇರುತ್ತವೆಂಬ ಭರವಸೆ ಇಲ್ಲ.

ವಿಂಡೋಸ್ ಬಳಸುವವರು ಒಂದು ಮಾತನ್ನು ಗೋಡೆಯ ಮೇಲೆ ಬರೆದಿಡಬೇಕು. ಪೆನ್ ಡ್ರೈವ್ ಚುಚ್ಚಿದಾಗ 'ಈ ಡಿಸ್ಕನ್ನು ಬಳಸಲು ಫಾರ್ಮ್ಯಾಟ್ ಮಾಡಬೇಕು' ಎಂದು ಪರದೆ ಕೇಳಿದರೆ, ಅದರಲ್ಲಿ ನಿಮ್ಮ ದಾಖಲೆಗಳಿದ್ದರೆ, ಉತ್ತರ ಯಾವಾಗಲೂ 'ಬೇಡ'. 'ಪುಸ್ತಕ ಓದಲಾಗುತ್ತಿಲ್ಲ, ಹೊಸ ಪುಸ್ತಕ ಇಡಲೇ' ಎಂಬುದಷ್ಟೇ ಅದರ ಪ್ರಶ್ನೆ. ಒಳಗಿನ ಸರಕಿನ ಚಿಂತೆ ಅದಕ್ಕಿಲ್ಲ.

ಆಡಿಟರ್ ಬಂದಾಗ

ಎಫ್ಎಸ್‌ಸಿಕೆ ಎಂದರೆ 'ಫೈಲ್ ಸಿಸ್ಟಮ್ ಚೆಕ್'. ಯುನಿಕ್ಸಿನ ಆರಂಭದ ದಿನಗಳಲ್ಲಿ ಐಚೆಕ್, ಡಿಚೆಕ್ ಎಂದು ಬೇರೆ ಬೇರೆ ಉಪಕರಣಗಳಿದ್ದವು. ಅವು ತಪ್ಪು ತೋರಿಸುತ್ತಿದ್ದವು, ತಿದ್ದುವ ಹೊಣೆ ಬಹುತೇಕ ಮನುಷ್ಯನದಾಗಿತ್ತು. 1970ರ ದಶಕದ ಕೊನೆಯಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಟಿ. ಜೆ. ಕೊವಾಲ್ಸ್ಕಿ ಅವರ ಎಫ್ಎಸ್‌ಸಿಕೆ ಬಂತು. ಬರ್ಕ್ಲಿಯ ಮಾರ್ಷಲ್ ಕರ್ಕ್ ಮೆಕ್ಯೂಸಿಕ್ ಅದನ್ನು ಮುಂದೆ ತಮ್ಮ ಹೊಸ ಫೈಲ್ ಸಿಸ್ಟಮ್‌ಗೆ ತಕ್ಕಂತೆ ತಿದ್ದಿದರು. ಲಿನಕ್ಸಿನ ಇಎಕ್ಸ್‌ಟಿ2 ಪದ್ಧತಿ 1993ರಲ್ಲಿ ಬಂದಾಗಿನಿಂದ ಅದರ ತಪಾಸಣೆಯ ಉಪಕರಣಗಳನ್ನು ಬೆಳೆಸಿದವರಲ್ಲಿ ಥಿಯೊಡೋರ್ ಚೋ ಪ್ರಮುಖರು. ವಿಂಡೋಸ್ 98ರ ಕಾಲದಲ್ಲಿ ದೀಪ ಹೋಗಿ ಬಂದಾಗಲೆಲ್ಲ ನೀಲಿ ಪರದೆಯ ಮೇಲೆ ನಿಧಾನವಾಗಿ ಓಡುತ್ತಿದ್ದ ಸ್ಕ್ಯಾನ್‌ಡಿಸ್ಕ್ ನಿಮಗೆ ನೆನಪಿರಬಹುದು. ಅದೂ ಇದೇ ಕುಲದ್ದು.

ಈ ಆಡಿಟರ್ ಐದು ಸುತ್ತು ಹೊಡೆಯುತ್ತಾನೆ. ಮೊದಲ ಸುತ್ತಿನಲ್ಲಿ ಪ್ರತಿ ಚೀಟಿಯನ್ನೂ ನೋಡುತ್ತಾನೆ: ಒಂದೇ ಗೂಡನ್ನು ಇಬ್ಬರು ತಮ್ಮದೆನ್ನುತ್ತಿದ್ದಾರೆಯೇ? ಎರಡನೆಯದರಲ್ಲಿ ಹೆಸರಿನ ಪಟ್ಟಿಗಳನ್ನು ಪರೀಕ್ಷಿಸುತ್ತಾನೆ. ಮೂರನೆಯದರಲ್ಲಿ ಎಲ್ಲ ಪಟ್ಟಿಗಳೂ ಮೂಲ ಪಟ್ಟಿಗೆ ಕೊಂಡಿಯಾಗಿವೆಯೇ ಎಂದು. ನಾಲ್ಕನೆಯದರಲ್ಲಿ ಒಂದು ಚೀಟಿಗೆ ಎಷ್ಟು ಹೆಸರುಗಳಿವೆ ಎಂಬ ಎಣಿಕೆ. ಐದನೆಯದರಲ್ಲಿ ಖಾಲಿ ಗೂಡುಗಳ ಒಟ್ಟು ಲೆಕ್ಕ. ಚೀಟಿ ಇದೆ, ಸರಕಿದೆ, ಹೆಸರು ಮಾತ್ರ ಯಾವ ಪಟ್ಟಿಯಲ್ಲೂ ಇಲ್ಲ ಎಂಬ ಅನಾಥ ಕಡತ ಸಿಕ್ಕರೆ ಅದನ್ನು ಲಾಸ್ಟ್ ಪ್ಲಸ್ ಫೌಂಡ್ ಕೋಣೆಗೆ ಕಳಿಸುತ್ತಾನೆ. ಹೆಸರಿನ ಬದಲು ಚೀಟಿಯ ಸಂಖ್ಯೆಯನ್ನೇ ಹಚ್ಚುತ್ತಾನೆ. ವಿಂಡೋಸಿನಲ್ಲಿ ಫೈಲ್0000 ಎಂಬಂಥ ಹೆಸರಿನ, ಸಿಎಚ್‌ಕೆ ಬಾಲದ ಕಡತಗಳು ಹುಟ್ಟುವುದೂ ಇಂಥದೇ ಕಾರಣಕ್ಕೆ.

ಇಲ್ಲೇ ನಾವು ತಿಳಿಯಬೇಕಾದ ಮುಖ್ಯ ಸಂಗತಿ ಇದೆ. ಎಫ್ಎಸ್‌ಸಿಕೆ ಪುಸ್ತಕವನ್ನು ಹೊಂದಿಸುತ್ತದೆ, ಸರಕನ್ನು ತಂದುಕೊಡುವುದಿಲ್ಲ. ಸಂಘದ ಲೆಕ್ಕದಲ್ಲಿ ಐನೂರು ರೂಪಾಯಿ ಕಡಿಮೆ ಬಿದ್ದರೆ ಆಡಿಟರ್ ತನ್ನ ಕಿಸೆಯಿಂದ ಹಾಕುತ್ತಾನೆಯೇ? 'ಕಡಿಮೆ ಇದೆ' ಎಂದು ಬರೆದು ಲೆಕ್ಕ ಹೊಂದಿಸುತ್ತಾನೆ. ಎಫ್ಎಸ್‌ಸಿಕೆಯೂ ಹಾಗೆಯೇ. ಅರ್ಥವಾಗದ ಚೀಟಿಯನ್ನು ಹರಿದು ಹಾಕಿಯಾದರೂ ಅದು ಪುಸ್ತಕವನ್ನು ಸರಿಮಾಡೀತು. ಕೊನೆಯಲ್ಲಿ 'ಎಲ್ಲ ಸರಿ ಇದೆ' ಎಂದೂ ಹೇಳೀತು. ಅದು ಹೇಳುವುದು ಸುಳ್ಳಲ್ಲ. ಆದರೆ ಪುಸ್ತಕ ಸರಿ ಇದೆ ಎಂದಷ್ಟೇ ಅದರ ಅರ್ಥ.

ಕಿರ್ದಿಯ ಜಾಣತನ

ದೊಡ್ಡ ಡಿಸ್ಕುಗಳು ಬಂದಂತೆ ಈ ಐದು ಸುತ್ತಿಗೆ ಗಂಟೆಗಟ್ಟಲೆ ಹಿಡಿಯತೊಡಗಿತು. ಅದಕ್ಕೆ ಸಿಕ್ಕ ಪರಿಹಾರ ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿದ್ದದ್ದೇ. ವ್ಯವಹಾರವನ್ನು ನೇರವಾಗಿ ಖಾತೆಗೆ ಬರೆಯುವುದಿಲ್ಲ. ಮೊದಲು ಕಿರ್ದಿಗೆ ಬರೆದು ಆಮೇಲೆ ಖಾತೆಗೆ ಏರಿಸುತ್ತಾರೆ. ನಡುವೆ ಲೆಕ್ಕದವನು ಎದ್ದುಹೋದರೂ ಕಿರ್ದಿ ನೋಡಿ ಉಳಿದದ್ದನ್ನು ಏರಿಸಬಹುದು. ಕಿರ್ದಿಯಲ್ಲೇ ಅರ್ಧ ಬರೆದದ್ದಿದ್ದರೆ ಅದನ್ನು ಬಿಟ್ಟುಬಿಡಬಹುದು. ಇಂಗ್ಲಿಷಿನಲ್ಲಿ ಇದಕ್ಕೆ ಇಟ್ಟ ಹೆಸರೂ 'ಜರ್ನಲ್', ಅಂದರೆ ಕಿರ್ದಿಯೇ. ಈ ಕಿರ್ದಿಯಿರುವ ಸ್ಟೀಫನ್ ಟ್ವೀಡಿಯವರ ಇಎಕ್ಸ್‌ಟಿ3 2001ರಲ್ಲಿ ಲಿನಕ್ಸಿನ ಮುಖ್ಯ ಆವೃತ್ತಿಗೆ ಸೇರಿತು. ಇಎಕ್ಸ್‌ಟಿ4 ಬಳಕೆಗೆ ಸಿದ್ಧವೆಂದು 2008ರ ಡಿಸೆಂಬರಿನಲ್ಲಿ ಹೊರಬಂತು. ಅದರ ಸ್ವರೂಪವನ್ನು ವಿವರಿಸಿ 2007ರ ಒಟ್ಟಾವಾ ಲಿನಕ್ಸ್ ಸಮ್ಮೇಳನದಲ್ಲಿ ಮಂಡಿಸಲಾದ ಪ್ರಬಂಧದ ಲೇಖಕರಲ್ಲಿ ಬೆಂಗಳೂರಿನ ಐಬಿಎಂನಲ್ಲಿದ್ದ ಸುಪರ್ಣಾ ಭಟ್ಟಾಚಾರ್ಯ ಒಬ್ಬರು ಎಂಬುದು ಕರ್ನಾಟಕದವರು ಅಭಿಮಾನಪಡುವ ಸಂಗತಿ.

ದೀಪ ಹೋಗಿ ಬಂದಾಗ ಇಂದಿನ ಕಂಪ್ಯೂಟರು ಕೆಲವೇ ಕ್ಷಣಗಳಲ್ಲಿ ಸಲೀಸಾಗಿ ಏಳುವುದು ಈ ಕಿರ್ದಿಯಿಂದ. ವಿಂಡೋಸಿನ ಎನ್‌ಟಿಎಫ್ಎಸ್‌ಗೂ ಕಿರ್ದಿ ಇದೆ. ಆದರೆ ಇಲ್ಲಿಯೂ ಆ ಹಳೆಯ ಮಾತೇ: ಸಾಮಾನ್ಯ ವ್ಯವಸ್ಥೆಯಲ್ಲಿ ಕಿರ್ದಿಗೆ ಹೋಗುವುದು ಪುಸ್ತಕದ ಬದಲಾವಣೆಗಳು ಮಾತ್ರ, ಸರಕಲ್ಲ. ನೀವು ಆಗತಾನೇ ಟೈಪ್ ಮಾಡಿ ಉಳಿಸದೇ ಇದ್ದ ಸಂಪಾದಕೀಯವನ್ನು ಯಾವ ಕಿರ್ದಿಯೂ ಕಾಪಾಡದು. ಇನ್ನು ಪೆನ್ ಡ್ರೈವಿನಲ್ಲಿರುವ ಫ್ಯಾಟ್32, ಎಕ್ಸ್‌ಫ್ಯಾಟ್ ಪದ್ಧತಿಗಳಿಗೆ ಕಿರ್ದಿಯೇ ಇಲ್ಲ. 'ಇಜೆಕ್ಟ್' ಹೇಳದೆ ಅದನ್ನು ಕಿತ್ತುಕೊಳ್ಳುವುದು ಬರೆಯುತ್ತಿರುವವನ ಕೈಯಿಂದ ಪುಸ್ತಕ ಕಸಿದುಕೊಂಡಂತೆ.

ಕೆಟ್ಟಾಗ ಮಾಡಬೇಕಾದದ್ದು

ಡಿಸ್ಕ್ ತೆರೆಯುತ್ತಿಲ್ಲ ಎಂದಾಗ ಎಲ್ಲರಿಗೂ ರಿಪೇರಿಯ ಆತುರ. ಆದರೆ ಇಲ್ಲಿ ಕ್ರಮವೇ ಪ್ರಾಣ.

ಮೊದಲನೆಯದು, ನಿಲ್ಲಿಸಿ. ಆ ಡಿಸ್ಕಿಗೆ ಹೊಸದಾಗಿ ಏನನ್ನೂ ಬರೆಯಬೇಡಿ. ಟಕಟಕ ಸದ್ದು ಬರುತ್ತಿದ್ದರೆ, ನೀರು ಕುಡಿದಿದ್ದರೆ, ವಿದ್ಯುತ್ ಕೊಡಲೇಬೇಡಿ. ಅದು ಯಂತ್ರದ ಕಾಯಿಲೆ. ಆಜ್ಞೆಗಳಿಂದ ವಾಸಿಯಾಗದು, ಮತ್ತಷ್ಟು ಕೆಡುತ್ತದೆ. ಅಂಥದನ್ನು ದತ್ತಾಂಶ ಹಿಂಪಡೆಯುವ ಪರಿಣತರಿಗೇ ಒಪ್ಪಿಸಬೇಕು.

ಎರಡನೆಯದು, ಇಡೀ ಡಿಸ್ಕಿನ ನಕಲು ತೆಗೆಯಿರಿ. ಇದಕ್ಕೆ ಡಿಡಿರೆಸ್ಕ್ಯೂ ಎಂಬ ಉಚಿತ ಉಪಕರಣವಿದೆ. ಓದಲು ಬರುವ ಭಾಗವನ್ನು ಮೊದಲು ನಕಲಿಸಿ, ಕಷ್ಟದ ಭಾಗಕ್ಕೆ ಆಮೇಲೆ ಮರಳುವುದು ಅದರ ಜಾಣತನ. ಎಲ್ಲಿಯವರೆಗೆ ಮುಗಿಯಿತೆಂದು ಟಿಪ್ಪಣಿ ಇಡುವುದರಿಂದ ನಡುವೆ ನಿಲ್ಲಿಸಿ ಮತ್ತೆ ಮುಂದುವರಿಸಲೂಬಹುದು. ಮೂಲಕ್ಕಿಂತ ದೊಡ್ಡದಾದ ಇನ್ನೊಂದು ಡಿಸ್ಕ್ ಬೇಕು. ಆ ಖರ್ಚಿಗೆ ಹಿಂಜರಿಯಬೇಡಿ.

ಮೂರನೆಯದು, ನಕಲಿನ ಮೇಲೆ ಎಫ್ಎಸ್‌ಸಿಕೆ ಓಡಿಸಿ, ಅದೂ 'ಹೈಫನ್ ಎನ್' ಜೊತೆಗೆ. ಹಾಗೆಂದರೆ 'ನೋಡು, ಮುಟ್ಟಬೇಡ'. ಬಳಕೆಯಲ್ಲಿರುವ, ಅಂದರೆ ಮೌಂಟ್ ಆಗಿರುವ ಡಿಸ್ಕಿನ ಮೇಲೆ ರಿಪೇರಿ ಓಡಿಸಲೇಬಾರದು. ಒಂದೇ ಪುಸ್ತಕದಲ್ಲಿ ಇಬ್ಬರು ಏಕಕಾಲಕ್ಕೆ ಬರೆದಂತೆ ಆಗುತ್ತದೆ.

ನಾಲ್ಕನೆಯದು, ಮೊದಲ ಹಾಳೆಯೇ ಹರಿದಿದ್ದರೂ ಎದೆಗುಂದಬೇಡಿ. ಇಎಕ್ಸ್‌ಟಿ ಪದ್ಧತಿಯಲ್ಲಿ ಸೂಪರ್‌ಬ್ಲಾಕಿನ ಪ್ರತಿಗಳು ಉಗ್ರಾಣದ ಹಲವು ಮೂಲೆಗಳಲ್ಲಿರುತ್ತವೆ. 4096 ಬೈಟಿನ ಗೂಡುಗಳಾದರೆ ಮೊದಲ ಪ್ರತಿ 32768ನೆಯ ಗೂಡಿನಲ್ಲಿ. 'ಹೈಫನ್ ಬಿ 32768' ಎಂದರೆ ಆಡಿಟರ್ ಆ ಹಾಳೆಯನ್ನು ಹಿಡಿದು ಕೆಲಸ ಆರಂಭಿಸುತ್ತಾನೆ.

ಐದನೆಯದು, ನಕಲಿನ ಮೇಲೆಯೇ ನಿಜವಾದ ರಿಪೇರಿ. ಕೆಟ್ಟರೆ ಮೂಲ ಹಾಗೆಯೇ ಇದೆ, ಮತ್ತೊಂದು ನಕಲು ತೆಗೆಯಬಹುದು. 'ಹೈಫನ್ ವೈ' ಎಂದು ಕೊಟ್ಟು ಎಲ್ಲ ಪ್ರಶ್ನೆಗೂ 'ಹೌದು, ಹೌದು' ಎನ್ನುವ ಧೈರ್ಯವನ್ನು ಮೂಲದ ಮೇಲೆ ಎಂದೂ ತೋರಬೇಡಿ. ಎಕ್ಸ್ಎಫ್ಎಸ್ ಎಂಬ ಇನ್ನೊಂದು ಪದ್ಧತಿಯಲ್ಲಿ ಎಫ್ಎಸ್‌ಸಿಕೆ ಏನನ್ನೂ ಮಾಡದೆ ಸುಮ್ಮನೆ ಮರಳುತ್ತದೆ. ಅಲ್ಲಿನ ಉಪಕರಣದ ಹೆಸರು ಎಕ್ಸ್ಎಫ್ಎಸ್ ರಿಪೇರ್. ಅದಕ್ಕೆ 'ಹೈಫನ್ ದೊಡ್ಡ ಎಲ್' ಕೊಟ್ಟರೆ ಕಿರ್ದಿಯನ್ನೇ ಹರಿದು ಎಸೆಯುತ್ತದೆ. ಅದು ಕೊನೆಯ ಅಸ್ತ್ರ, ಮೊದಲನೆಯದಲ್ಲ.

ನಮ್ಮವರಿಗೇ ವಿಶೇಷವಾದ ಒಂದು ಎಚ್ಚರಿಕೆ

ರಿಪೇರಿ ಮುಗಿದು ಲಾಸ್ಟ್ ಪ್ಲಸ್ ಫೌಂಡ್ ಕೋಣೆಯಲ್ಲಿ ನೂರಾರು ಅನಾಮಧೇಯ ಕಡತಗಳು ಬಿದ್ದಿವೆ ಎಂದಿಟ್ಟುಕೊಳ್ಳಿ. ಒಂದನ್ನು ತೆರೆಯುತ್ತೀರಿ. ಒಳಗೆ ಇಂಗ್ಲಿಷ್ ಅಕ್ಷರಗಳ ನೆತ್ತಿಯ ಮೇಲೆ ಚುಕ್ಕಿ, ಗೆರೆ, ಟೊಪ್ಪಿಗೆ ಇಟ್ಟಂಥ ಅರ್ಥವಿಲ್ಲದ ಸಾಲುಗಳು. 'ಕೆಟ್ಟುಹೋಗಿದೆ' ಎಂದು ಅಳಿಸಿಬಿಡಬೇಡಿ. ಅದು ಕನ್ನಡವೇ ಇರಬಹುದು!

ಯುನಿಕೋಡ್ ಬಳಕೆಗೆ ಬರುವ ಮುನ್ನ ನಾವು ಶ್ರೀಲಿಪಿಯಲ್ಲಿ, 1998ರಲ್ಲಿ ಬಂದ ಬರಹದಲ್ಲಿ, ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲಿ ಟೈಪ್ ಮಾಡುತ್ತಿದ್ದೆವು. ಅಲ್ಲಿ ಕನ್ನಡವೆಂಬುದು ಫಾಂಟಿನ ವೇಷ. ಒಳಗೆ ಇರುತ್ತಿದ್ದುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ವೇಷ ಕಳಚುತ್ತದೆ. ಸರಿಯಾದ ಫಾಂಟು ಹಾಕಿದರೆ, ಅಥವಾ ನುಡಿ, ಬರಹಗಳ ಜೊತೆಗೇ ಬರುವ ಪರಿವರ್ತಕದಿಂದ ಯುನಿಕೋಡಿಗೆ ತಂದರೆ, ಹಳೆಯ ಸಂಚಿಕೆಯ ಲೇಖನವೊಂದು ಎದ್ದುಬಂದೀತು. ಊರಿನಿಂದ ಮುಂಬಯಿಗೆ ಬಂದು ರಾತ್ರಿಶಾಲೆಯಲ್ಲಿ ಓದಿ ನಾಲ್ಕು ಸಾಲು ಬರೆದ ಯಾರದೋ ಬದುಕಿನ ಏಕೈಕ ಅಚ್ಚಾದ ಬರಹ ಅದಾಗಿರಬಹುದು. ಹಾಗಾಗಿ ಅನಾಥ ಕಡತಗಳನ್ನು ಪರಿಶೀಲಿಸಲು ಕಂಪ್ಯೂಟರು ಬಲ್ಲ ಹುಡುಗನೊಬ್ಬನನ್ನೇ ಕೂರಿಸಬೇಡಿ. ಹಳೆಯ ಡಿಟಿಪಿ ಬಲ್ಲ ಹಿರಿಯರೊಬ್ಬರನ್ನೂ ಪಕ್ಕದಲ್ಲಿ ಕೂರಿಸಿ.

ಪ್ರತಿಯೇ ಪರಿಹಾರ

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಉಳಿಯುತ್ತದೆ. ಸರಕಿನ ಇನ್ನೊಂದು ಪ್ರತಿ ಇಲ್ಲದಿದ್ದರೆ ಯಾವ ಆಜ್ಞೆಯೂ ಅದನ್ನು ಸೃಷ್ಟಿಸದು. ಪ್ರತಿ ಎಂದರೆ ಅದೇ ಕಪಾಟಿನ ಇನ್ನೊಂದು ಖಾನೆಯಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ಕಲ್ಯಾಣದ ಎಷ್ಟೋ ತಗ್ಗು ಪ್ರದೇಶಗಳಿಗೂ ನೀರು ನುಗ್ಗಿತ್ತು. ನೆಲಮಹಡಿಯ ಒಂದೇ ಕೋಣೆಯಲ್ಲಿಟ್ಟ ಎರಡು ಪ್ರತಿಗಳು ಇಂಥ ದಿನ ಒಂದೇ ಪ್ರತಿ.

ಗೂಗಲ್ ಡ್ರೈವಿನಲ್ಲಿದೆ, ಕ್ಲೌಡಿನಲ್ಲಿದೆ ಎನ್ನುತ್ತೀರಾ? ಒಳ್ಳೆಯದೇ. ಆದರೆ ಕ್ಲೌಡ್ ಆಕಾಶದಲ್ಲಿಲ್ಲ. ನಮ್ಮ ಐರೋಲಿ, ರಬಾಳೆ, ಮಹಾಪೆಗಳಲ್ಲಿ ನೀವು ನೋಡುವ ಕಿಟಕಿ ಕಡಿಮೆಯ ದೊಡ್ಡ ಕಟ್ಟಡಗಳಂಥವುಗಳಲ್ಲಿದೆ. ಅಲ್ಲಿಯೂ ಇವೇ ಡಿಸ್ಕುಗಳು, ಇವೇ ಖಾತೆ ಪುಸ್ತಕಗಳು. ಅವರು ನಿಶ್ಚಿಂತರಾಗಿರುವುದು ರಿಪೇರಿಯ ಆಜ್ಞೆಯನ್ನು ನಂಬಿ ಅಲ್ಲ, ಜನರೇಟರನ್ನೂ ಪ್ರತಿಗಳನ್ನೂ ನಂಬಿ. ಮತ್ತೊಂದು ಮಾತು: ತಾನಾಗಿ ಹೊಂದಿಸಿಕೊಳ್ಳುವ ಸಿಂಕ್ ವ್ಯವಸ್ಥೆಯಲ್ಲಿ ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ಅದು ಕನ್ನಡಿ, ಪ್ರತಿಯಲ್ಲ.

ನಮಗೆ ದೇವರು ಕೊಟ್ಟ ಒಂದು ಅನುಕೂಲ ಇದೆ. ನಮ್ಮಲ್ಲಿ ಹೆಚ್ಚಿನವರಿಗೆ ಎರಡು ಮನೆ: ಒಂದು ಇಲ್ಲಿ, ಒಂದು ಊರಲ್ಲಿ. ಒಂದು ಪ್ರತಿ ಸಂಘದ ಕಚೇರಿಯಲ್ಲಿರಲಿ, ಒಂದು ಬೇರೆ ಉಪನಗರದ ಪದಾಧಿಕಾರಿಯೊಬ್ಬರ ಮನೆಯಲ್ಲಿರಲಿ, ಮೂರನೆಯದು ಮೇ ತಿಂಗಳ ರಜೆಯಲ್ಲಿ ಕೊಂಕಣ ರೈಲು ಹತ್ತಿ ಊರಿಗೆ ಹೋಗಲಿ. ವರ್ಷಕ್ಕೊಮ್ಮೆ ಹೊಸ ಪ್ರತಿ ಹೋಗಿ ಹಳೆಯದು ಬರಲಿ. ಬಂದದ್ದನ್ನು ತೆರೆದು ನಾಲ್ಕಾರು ಕಡತ ಓದಿ ನೋಡಿ. ಓದಿ ನೋಡದ ಪ್ರತಿಯನ್ನು ಪ್ರತಿಯೆಂದು ಲೆಕ್ಕ ಹಿಡಿಯಬಾರದು. ಸದಸ್ಯರ ವಿಳಾಸ, ಫೋನ್ ನಂಬರುಗಳಿರುವ ಡಿಸ್ಕಿಗೆ ಗುಪ್ತಪದ ಹಾಕಿ, ಆ ಗುಪ್ತಪದ ಇಬ್ಬರಿಗಾದರೂ ತಿಳಿದಿರಲಿ.

ವಾರ್ಷಿಕ ಮಹಾಸಭೆಯಲ್ಲಿ ಗತಸಭೆಯ ವರದಿ, ಜಮಾಖರ್ಚು, ಲೆಕ್ಕ ಪರಿಶೋಧಕರ ನೇಮಕ ಎಂದು ವಿಷಯಪಟ್ಟಿ ಇರುತ್ತದಲ್ಲ? ಮುಂದಿನ ಸಲ ಅದಕ್ಕೆ ಇನ್ನೊಂದು ಸಾಲು ಸೇರಿಸಲು ನಿಮ್ಮ ಕಾರ್ಯದರ್ಶಿಗಳನ್ನು ಕೇಳಿಕೊಳ್ಳಿ: 'ಸಂಘದ ದಾಖಲೆಗಳ ಪ್ರತಿಗಳು ಎಲ್ಲೆಲ್ಲಿವೆ, ಕೊನೆಯ ಸಲ ಯಾರು ತೆರೆದು ನೋಡಿದರು?' ಉತ್ತರ ಹೇಳಲು ಎರಡು ನಿಮಿಷ ಸಾಕು. ಆ ಉತ್ತರ ಸಭೆಯ ನಡಾವಳಿಯಲ್ಲಿ ದಾಖಲಾಗಲಿ, ಆ ನಡಾವಳಿಗೂ ಒಂದು ಪ್ರತಿ ಇರಲಿ.